ಎದೆಯ ಆಪರೇಷನ್ ಆದ ಮೇಲೆ ಉಳಿಯುವ ಕಲೆ, ಹಳ್ಳ, ಉಬ್ಬು: ರಿಪೇರಿಗೆ ಓಡುವ ಮೊದಲು

ನಾನು ಮಾಡಿಸಿಕೊಂಡದ್ದು ಸ್ತನ ಚಿಕ್ಕದು ಮಾಡುವ ಆಪರೇಷನ್. ಹೆಗಲಲ್ಲಿ ಬ್ರಾ ಪಟ್ಟಿ ಕೊರೆದ ಗುಳಿ, ಕತ್ತು ನೋವು, ಮೇ ತಿಂಗಳಲ್ಲಿ ಎದೆಯಡಿ ಬೆವರುಸಾಲೆ, ಎಲ್ಲ ಸಾಕಾಗಿ ಹೋಗಿತ್ತು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಎರಡು ತಿಂಗಳಾದ ಮೇಲೆ ಕನ್ನಡಿ ಮುಂದೆ ನಿಂತರೆ ಎಡ ಕಂಕುಳ ಹತ್ತಿರ ಗೇರುಬೀಜದಷ್ಟು ಒಂದು ಉಬ್ಬು. ಎರಡು ಸ್ತನಗಳ ನಡುವೆ ಬಂದು ಮುಗಿಯುವ ಹೊಲಿಗೆಯ ತುದಿ ಕೆಂಪಗೆ, ಹುರಿಹಗ್ಗದ ಹಾಗೆ ದಪ್ಪ. ಅತ್ತುಬಿಟ್ಟೆ. ಮರುದಿನವೇ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ ಹತ್ತಿ ಹೋಗಿ ಇದನ್ನು ಈಗಲೇ ತೆಗೆದುಬಿಡಿ ಅಂದರೆ, ಡಾಕ್ಟ್ರು ಬೆರಳಿನಿಂದ ಒತ್ತಿ ನೋಡಿ "ದಪ್ಪ ಆದದ್ದಕ್ಕೆ ಇವತ್ತೇ ಮದ್ದು ಶುರು ಮಾಡುವ, ಉಬ್ಬಿಗೆ ಒಂದು ವರ್ಷ ಬಿಟ್ಟು ಬನ್ನಿ" ಅಂದರು.

ಸಿಟ್ಟು ಬಂತು ನಂಗೆ. ಆದರೆ ಆ ಒಂದು ಸಾಲಿನಲ್ಲಿ ಎಲ್ಲ ಇತ್ತು. ಕಲೆ ಬೇರೆ, ಆಕಾರ ಬೇರೆ. ಒಂದಕ್ಕೆ ಬೇಗ ಕೈ ಹಾಕಬೇಕು, ಇನ್ನೊಂದಕ್ಕೆ ಕಾಯಬೇಕು. ಅದಲು ಬದಲು ಮಾಡಿದರೆ ದುಡ್ಡೂ ಹೋಯಿತು, ಚರ್ಮವೂ ಹೋಯಿತು.

ಮೊದಲು ಕ್ಯಾಲೆಂಡರ್ ನೋಡಿ

ಗಾಯ ಮುಚ್ಚಿತು ಅಂದರೆ ವಾಸಿಯಾಯಿತು ಅಂತಲ್ಲ. ಹೊಲಿಗೆ ಹಾಕಿದ ಜಾಗದಲ್ಲಿ ಮೈ ಮೊದಲು ಅವಸರದಲ್ಲಿ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ತುಂಬಿಸುತ್ತದೆ, ಆಮೇಲೆ ತಿಂಗಳುಗಟ್ಟಲೆ ಅದನ್ನೇ ಬಿಚ್ಚಿ ಮತ್ತೆ ನೇಯುತ್ತಾ ಕೂರುತ್ತದೆ. ಹಾಗಾಗಿ ಮೊದಲ ಮೂರು ತಿಂಗಳಲ್ಲಿ ಕಲೆ ಒಳ್ಳೆಯದಾಗುವ ಬದಲು ಕೆಂಪಾಗಿ, ಗಟ್ಟಿಯಾಗಿ, ತುರಿಸುತ್ತಾ ಇನ್ನೂ ಕೆಟ್ಟದಾಗಿ ಕಾಣುವುದು ಸಹಜ. ಪೂರ್ತಿ ತಣ್ಣಗಾಗಲು 12ರಿಂದ 18 ತಿಂಗಳು ಬೇಕು. ಅಷ್ಟಾದರೂ ಆ ಜಾಗದ ಚರ್ಮಕ್ಕೆ ಮೊದಲಿನ ಬಲದಲ್ಲಿ ಸುಮಾರು ಶೇಕಡ 80 ಮಾತ್ರ ವಾಪಸ್ ಬರುತ್ತದೆ. ಆಕಾರವೂ ಹಾಗೆಯೇ. ಊತ ಇಳಿದು ಎದೆ ತನ್ನ ಜಾಗಕ್ಕೆ ಕೂರಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಇಂಪ್ಲಾಂಟ್, ಅಂದರೆ ಎದೆಯೊಳಗೆ ಇಡುವ ಸಿಲಿಕೋನ್ ಚೀಲ, ಹಾಕಿಸಿದವರಿಗಂತೂ ಅದು ಮೊದಲು ಮೇಲೆ ಕೂತು ನಿಧಾನಕ್ಕೆ ಕೆಳಗಿಳಿಯುವುದು. ಎರಡನೇ ತಿಂಗಳಲ್ಲಿ ಒಂದು ಮೇಲೆ ಒಂದು ಕೆಳಗೆ ಇದೆ ಅಂತ ಗಾಬರಿ ಬೀಳಬೇಡಿ.

ಕಾಯಲೇಬಾರದ ಸಂಗತಿಗಳು ಬೇರೆ ಉಂಟು. ಜ್ವರ, ಕೀವು, ಹೊಲಿಗೆ ಬಾಯಿ ಬಿಡುವುದು, ಮೊಲೆತೊಟ್ಟು ನೀಲಿ ಅಥವಾ ಕಪ್ಪಗಾಗುವುದು, ಒಂದೇ ಕಡೆ ದಿಢೀರನೆ ಊದುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆ ಭಾನುವಾರ, ಸೋಮವಾರ ನೋಡುವ ಅಂತ ಕೂರಬೇಡಿ.

ಏನಾಗಿದೆ ಅಂತ ಕಂಡುಹಿಡಿಯುವುದು

ತಿಂಗಳಿಗೊಮ್ಮೆ ಫೋಟೋ ತೆಗೆಯಿರಿ. ಬೆಳಿಗ್ಗೆ, ಅದೇ ಕಿಟಕಿ ಎದುರು, ಲೈಟ್ ಹಾಕದೆ, ಅದೇ ದೂರದಿಂದ. ಕೈ ಕೆಳಗೆ ಬಿಟ್ಟು ಒಂದು, ಕೈ ಮೇಲೆತ್ತಿ ಒಂದು, ಸೊಂಟಕ್ಕೆ ಕೈ ಒತ್ತಿ ಹಿಡಿದು ಒಂದು, ಮುಂದಕ್ಕೆ ಬಾಗಿ ಒಂದು. ಫೋನಿನಲ್ಲಿ ಲಾಕ್ ಇರುವ ಫೋಲ್ಡರಿಗೆ ಹಾಕಿ, ಮನೆಮಂದಿಯೆಲ್ಲ ನೋಡುವ ಗ್ಯಾಲರಿಯಲ್ಲಿ ಬಿಡಬೇಡಿ. ದಿನಾ ಕನ್ನಡಿ ನೋಡಿಕೊಂಡರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಫೋಟೋ ಸುಳ್ಳು ಹೇಳುವುದಿಲ್ಲ.

ಈ ಭಂಗಿಗಳಿಗೆ ಅರ್ಥ ಉಂಟು. ಕೈ ಎತ್ತಿದಾಗ ಹಳ್ಳ ಜಾಸ್ತಿ ಆದರೆ ಕಲೆ ಒಳಗಿನ ಪದರಕ್ಕೆ ಅಂಟಿಕೊಂಡು ಎಳೆಯುತ್ತಿದೆ ಎಂದು ಲೆಕ್ಕ. ಸೊಂಟಕ್ಕೆ ಕೈ ಒತ್ತಿದಾಗ ಇಂಪ್ಲಾಂಟ್ ಜಿಗಿದು ಪಕ್ಕಕ್ಕೆ ಹೋದರೆ ಸ್ನಾಯು ಅದನ್ನು ತಳ್ಳುತ್ತಿದೆ. ಬಾಗಿದಾಗ ಅಲೆ ಅಲೆಯಾಗಿ ಕಂಡರೆ ಅದು ಇಂಪ್ಲಾಂಟಿನ ಸುಕ್ಕು, ಮೇಲಿನ ಚರ್ಮ ತೆಳ್ಳಗಿದ್ದವರಿಗೆ ಎದ್ದು ಕಾಣುತ್ತದೆ. ಇನ್ನು ಉಬ್ಬನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಮೆತ್ತಗೆ, ಮಡಚಿದ ಚರ್ಮದ ಹಾಗಿದ್ದರೆ ಅದು ಡಾಕ್ಟ್ರುಗಳು ಡಾಗ್ ಇಯರ್ ಎನ್ನುವ ಮಡಿಕೆ. ರವಿಕೆಗೆ ಟಕ್ಸ್ ಹಿಡಿದಾಗ ತುದಿಯಲ್ಲಿ ಬಟ್ಟೆ ಮುದುಡಿ ಎದ್ದು ನಿಲ್ಲುತ್ತದಲ್ವಾ, ಅದೇ ಲೆಕ್ಕ. ಚರ್ಮದಡಿ ಗೋಲಿಯ ಹಾಗೆ ಗಟ್ಟಿ ಸಿಕ್ಕಿದರೆ ಕೊಬ್ಬು ರಕ್ತ ಸಿಗದೆ ಸತ್ತು ಗಂಟಾದದ್ದು ಇರಬಹುದು. ಈ ಗಂಟನ್ನು ಮಾತ್ರ ನೀವೇ ತೀರ್ಮಾನ ಮಾಡಬೇಡಿ. ಆಪರೇಷನ್ ಆದ ಎದೆಯಲ್ಲಿ ಸಿಕ್ಕುವ ಯಾವ ಹೊಸ ಗಂಟಿಗೂ ಅಲ್ಟ್ರಾಸೌಂಡ್, ವಯಸ್ಸಿಗೆ ತಕ್ಕಂತೆ ಮ್ಯಾಮೊಗ್ರಾಂ, ಅನುಮಾನ ಉಳಿದರೆ ಸೂಜಿ ಹಾಕಿ ತೆಗೆದು ಪರೀಕ್ಷೆ. ಸತ್ತ ಕೊಬ್ಬು ಅಪಾಯ ಅಲ್ಲ, ಆದರೆ ಅದೇ ಹೌದಾ ಅಂತ ಖಾತ್ರಿ ಆಗಬೇಕಲ್ಲ.

ಕಲೆಯಲ್ಲೂ ಜಾತಿ ಉಂಟು. ಉಬ್ಬಿದ್ದರೂ ಹೊಲಿಗೆಯ ಗೆರೆ ದಾಟದೆ ಇದ್ದರೆ ಅದು ಹೈಪರ್‌ಟ್ರೋಫಿಕ್, ಕಾಲಕ್ರಮೇಣ ತಗ್ಗುವ ಸಾಧ್ಯತೆ ಇದೆ. ಗೆರೆ ದಾಟಿ ಅಕ್ಕಪಕ್ಕದ ಒಳ್ಳೆಯ ಚರ್ಮಕ್ಕೂ ಹರಡುತ್ತಾ ಹೋದರೆ ಕೆಲಾಯ್ಡ್. ಅದು ತಾನಾಗಿ ಹೋಗುವುದಿಲ್ಲ. ನಮ್ಮಂಥ ಕಂದು ಚರ್ಮದವರಿಗೆ ಇದು ಜಾಸ್ತಿ, ಅದರಲ್ಲೂ ಎದೆಯ ನಡುವಿನ ಮೂಳೆಯ ಮೇಲೆ. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದವರು ಮನೆಯಲ್ಲಿ ಯಾರಾದರೂ ಇದ್ದರೆ ಡಾಕ್ಟ್ರಿಗೆ ಮೊದಲೇ ಹೇಳಿ. ನಮ್ಮ ಅಜ್ಜಿಗಿತ್ತು, ನಾನು ಹೇಳಿರಲಿಲ್ಲ. ಮೂರನೆಯದು ಚಪ್ಪಟೆಯಾಗಿ, ಆದರೆ ಅಗಲವಾಗಿ ಹಿಗ್ಗಿದ ಕಲೆ. ಇದಕ್ಕೆ ಇಂಜೆಕ್ಷನ್ ಕೊಟ್ಟು ಪ್ರಯೋಜನ ಇಲ್ಲ. ಹಾಗಾಗಿ ಹೆಸರು ಗೊತ್ತಾಗದೆ ಮದ್ದಿಗೆ ಇಳಿಯಬೇಡಿ.

ಮನೆಯಲ್ಲಿ ಮಾಡುವಂಥದ್ದು

ನಿಜ ಹೇಳಬೇಕೆಂದರೆ ಅರ್ಧ ಕೆಲಸ ಇಲ್ಲೇ ಆಗುವುದು, ಮತ್ತು ಕರಾವಳಿಯಲ್ಲಿ ಇದೇ ಕಷ್ಟ.

ಗಾಯ ಪೂರ್ತಿ ಮುಚ್ಚಿ, ಹಕ್ಕಳೆ ಎಲ್ಲ ಬಿದ್ದ ಮೇಲೆ, ಅಂದರೆ ಸುಮಾರು ಎರಡು ಮೂರು ವಾರಕ್ಕೆ, ಪೇಪರ್ ಟೇಪ್ ಶುರು ಮಾಡಬಹುದು. ಯಾವ ಮೆಡಿಕಲ್‌ನಲ್ಲೂ ಸಿಗುವ ಮೈಕ್ರೋಪೋರ್ ಸಾಕು. ಗೆರೆಯ ಉದ್ದಕ್ಕೆ ಅಂಟಿಸಿ, ಅದು ಚರ್ಮವನ್ನು ಎರಡೂ ಕಡೆಗೆ ಎಳೆಯದ ಹಾಗೆ ಹಿಡಿದಿಡುತ್ತದೆ. ಕಲೆ ಅಗಲ ಆಗುವುದೇ ಈ ಎಳೆತದಿಂದ. ನಾಲ್ಕೈದು ದಿನಕ್ಕೊಮ್ಮೆ, ಸ್ನಾನದಲ್ಲಿ ನೆನೆಸಿ, ನಿಧಾನಕ್ಕೆ ಬಿಡಿಸಿ ಬದಲಿಸಿ. ಚರ್ರಂತ ಎಳೆದರೆ ಚರ್ಮವೇ ಕಿತ್ತು ಬರುತ್ತದೆ.

ಆಮೇಲೆ ಸಿಲಿಕೋನ್. ಹಾಳೆಯಾದರೆ ದಿನಕ್ಕೆ ಕನಿಷ್ಠ 12 ತಾಸು, ಕಡಿಮೆಯೆಂದರೆ ಮೂರು ತಿಂಗಳು. ಜೆಲ್ ಆದರೆ ದಿನಕ್ಕೆರಡು ಸಲ ತೆಳ್ಳಗೆ. ಪುಸ್ತಕದಲ್ಲಿ ಹೇಳಿದ ಹಾಗೆ ಇಡೀ ದಿನ ಹಾಳೆ ಹಾಕಿಕೊಂಡು ಏಪ್ರಿಲ್ ತಿಂಗಳಲ್ಲಿ ಮಂಗಳೂರಿನ ಹಂಪನಕಟ್ಟೆಯಲ್ಲಿ ಓಡಾಡಿ ನೋಡಿ, ಸಂಜೆಗೆ ಎದೆಯಡಿ ಕೆಂಪು ಗುಳ್ಳೆಗಳ ರಾಶಿ! ನಾನು ಮಾಡಿದ್ದು ಹೀಗೆ: ರಾತ್ರಿ ಫ್ಯಾನ್ ಅಡಿ ಹಾಳೆ, ಹಗಲು ಜೆಲ್. ಹಾಳೆಯನ್ನು ದಿನಾ ಸೌಮ್ಯ ಸೋಪಿನಲ್ಲಿ ತೊಳೆದು ಗಾಳಿಗೆ ಒಣಗಿಸಿ ಮತ್ತೆ ಅದನ್ನೇ ಹಾಕಬಹುದು. ಗುಳ್ಳೆ ಬಂದರೆ ಎರಡು ದಿನ ನಿಲ್ಲಿಸಿ, ಜಾಗ ಒಣಗಿದ ಮೇಲೆ ಮತ್ತೆ ಶುರು.

ಮಳೆಗಾಲದ ತೊಂದರೆ ಬೇರೆಯೇ. ಆಟಿ ತಿಂಗಳಲ್ಲಿ ಬಟ್ಟೆ ಒಣಗುವುದೇ ಇಲ್ಲ, ಅರೆಹಸಿ ಬ್ರಾ ಹಾಕಿಕೊಂಡರೆ ಹೊಲಿಗೆಯ ಗೆರೆಯಲ್ಲಿ ಫಂಗಸ್ ಖಂಡಿತ. ಹತ್ತಿಯದ್ದು, ಒಳಗೆ ತಂತಿ ಇಲ್ಲದ್ದು ನಾಲ್ಕೈದು ಇಟ್ಟುಕೊಂಡು ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಯೇ ಹಾಕಿ. ಸ್ನಾನ ಆದ ಮೇಲೆ ಎದೆಯಡಿ ಒತ್ತಿ ಒರೆಸಿ, ಉಜ್ಜಬೇಡಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿ ಬಿಡಿ. ಹೊಸ ಹೊಲಿಗೆ ಮೇಲೆ ಪೌಡರ್ ಬೇಡ.

ತಿಕ್ಕುವುದು, ಅಂದರೆ ಮಸಾಜ್, ಡಾಕ್ಟ್ರು ಸರಿ ಅಂದ ಮೇಲೆ ಮಾತ್ರ. ಎರಡು ಬೆರಳು ಕಲೆಯ ಮೇಲಿಟ್ಟು, ಅದು ಬಿಳಿಚುವಷ್ಟು ಒತ್ತಿ, ಚರ್ಮದ ಮೇಲೆ ಬೆರಳು ಜಾರಿಸದೆ ಚರ್ಮವನ್ನೇ ಒಳಗಿನ ಪದರದ ಮೇಲೆ ಸುತ್ತ, ಉದ್ದಕ್ಕೆ, ಅಡ್ಡಕ್ಕೆ ಆಡಿಸಬೇಕು. ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ಎಣ್ಣೆ ಯಾವುದಾದರೂ ಆಗಬಹುದು, ನಮ್ಮ ತೆಂಗಿನೆಣ್ಣೆಯೇ ಸಾಕು. ಕೆಲಸ ಮಾಡುವುದು ಬೆರಳು, ಎಣ್ಣೆ ಅಲ್ಲ. ವಿಟಮಿನ್ ಇ ಮಾತ್ರೆ ಒಡೆದು ಹಚ್ಚುವವರಿದ್ದಾರೆ, ಅದರಿಂದ ಕಲೆ ಹೋಗುವುದಕ್ಕಿಂತ ಅಲರ್ಜಿ ಬಂದು ತುರಿಸುವುದೇ ಜಾಸ್ತಿ. ಅರಶಿನ, ನಿಂಬೆರಸ ಎರಡೂ ಬೇಡ.

ಬಿಸಿಲು ತಾಗಿದರೆ ಹೊಸ ಕಲೆ ಕಪ್ಪಾಗಿ ಹಾಗೇ ಉಳಿಯುತ್ತದೆ. ಬಟ್ಟೆಯಡಿ ಇರುವುದಕ್ಕೆ ಚಿಂತೆ ಇಲ್ಲ, ಆದರೆ ರವಿಕೆಯ ಕತ್ತಿನಿಂದ ಹೊರಗೆ ಇಣುಕುವ ಜಾಗಕ್ಕೆ ಎಸ್‌ಪಿಎಫ್ 30ಕ್ಕಿಂತ ಮೇಲಿನ ಸನ್‌ಸ್ಕ್ರೀನ್ ಒಂದು ವರ್ಷ ಹಚ್ಚಿ.

ಮತ್ತೆ ಈ ನಂಜಿನ ವಿಷಯ. ಆಪರೇಷನ್ ಆದ ಮೇಲೆ ನಮ್ಮ ಚಿಕ್ಕಮ್ಮ "ಮೀನು ಮುಟ್ಟಬೇಡ ಮಗಾ, ನಂಜಾಗ್ತದೆ" ಅಂತ ಗಂಜಿ ಉಪ್ಪಿನಕಾಯಿ ಹಾಕಿ ಕೂರಿಸಿದ್ದರು. ಪ್ರೀತಿಯಿಂದಲೇ ಹೇಳಿದ್ದು, ಆದರೆ ಗಾಯ ನೇಯಲು ಮೈಗೆ ಪ್ರೋಟೀನ್ ಬೇಕು. ಅಲರ್ಜಿ ಇಲ್ಲದವರಿಗೆ ಬಂಗುಡೆ ಬೂತಾಯಿಯಿಂದ ಕಲೆ ಉಬ್ಬುವುದಿಲ್ಲ. ತಿನ್ನದವರು ಬೇಳೆ, ಹೆಸರುಕಾಳು, ಮೊಸರು ಜಾಸ್ತಿ ಮಾಡಿ. ಬೀಡಿ ಸಿಗರೇಟು ಮಾತ್ರ ನಿಜವಾದ ನಂಜು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿದುಬಿಡುತ್ತದೆ, ಮರು ಆಪರೇಷನ್‌ಗೆ ನಾಲ್ಕು ವಾರ ಮೊದಲೇ ಬಿಡದಿದ್ದರೆ ಒಳ್ಳೆಯ ಸರ್ಜನ್ ಚಾಕು ಹಿಡಿಯುವುದೇ ಇಲ್ಲ.

ಸೂಜಿ, ಲೇಸರ್

ಉಬ್ಬಿದ ಕಲೆಗೂ ಕೆಲಾಯ್ಡಿಗೂ ಮೊದಲ ಮದ್ದು ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್. ಒಂದು ಎಂಎಲ್‌ಗೆ 10ರಿಂದ 40 ಮಿಲಿಗ್ರಾಂ ತೀವ್ರತೆಯಲ್ಲಿ, ಕಲೆಯ ಒಳಗೇ, ನಾಲ್ಕರಿಂದ ಆರು ವಾರಕ್ಕೊಮ್ಮೆ ಕೊಡುತ್ತಾರೆ. ಎದೆಮೂಳೆಯ ಮೇಲೆ ಇದು ಕಣ್ಣಲ್ಲಿ ನೀರು ಬರುವಷ್ಟು ನೋಯುತ್ತದೆ, ನೋವೇ ಇಲ್ಲ ಅಂದರೆ ನಂಬಬೇಡಿ. ಮೊದಲೇ ಮರಗಟ್ಟಿಸುವ ಕ್ರೀಮ್ ಕೇಳಿ. ನನಗೆ ಎರಡನೇ ಸಲಕ್ಕೆ ತುರಿಕೆ ನಿಂತಿತು, ನಾಲ್ಕನೆಯದಕ್ಕೆ ಚಪ್ಪಟೆ ಆಯಿತು. ಅತಿಯಾದರೆ ಚರ್ಮ ತೆಳ್ಳಗಾಗಿ ಗುಳಿ ಬೀಳುತ್ತದೆ, ಬಿಳಿ ಮಚ್ಚೆ ಉಳಿಯುತ್ತದೆ. ಹಾಗಾಗಿ ಚಪ್ಪಟೆ ಆಯಿತು ಅಂದಾಗ ನಿಲ್ಲಿಸುವ ಡಾಕ್ಟ್ರು ಬೇಕು. ಜಗ್ಗದ ಕೆಲಾಯ್ಡಿಗೆ 5-ಫ್ಲೋರೋಯುರಾಸಿಲ್ ಎಂಬ ಇನ್ನೊಂದು ಮದ್ದು ಸೇರಿಸಿ ಕೊಡುವುದುಂಟು. ಗರ್ಭಿಣಿಯರಿಗೆ, ಮಗು ಬೇಕು ಅಂತಿರುವವರಿಗೆ ಅದು ಬೇಡ.

ಲೇಸರ್ ಅಂದರೆ ಎಲ್ಲ ಅಳಿಸುವ ರಬ್ಬರ್ ಅಂತ ತಿಳಿದವರೇ ಜಾಸ್ತಿ. ಕೆಂಪು ಇಳಿಸುವುದಕ್ಕೆ ಪಲ್ಸ್ಡ್ ಡೈ ಲೇಸರ್, ಒರಟು ಮೇಲ್ಮೈ ನಯ ಮಾಡುವುದಕ್ಕೆ ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಎರಡಕ್ಕೂ ಹಲವು ಸಲ ಕೂರಬೇಕು. ನಮ್ಮ ಚರ್ಮದಲ್ಲಿ ಶಕ್ತಿ ಸ್ವಲ್ಪ ಜಾಸ್ತಿ ಇಟ್ಟರೂ ಕಲೆಯ ಸುತ್ತ ಕಪ್ಪು ಕಟ್ಟುತ್ತದೆ. ಮೊದಲು ಮೂಲೆಯಲ್ಲಿ ಒಂದು ಚಿಕ್ಕ ಜಾಗಕ್ಕೆ ಹೊಡೆಸಿ, ಒಂದು ತಿಂಗಳು ನೋಡಿ ಮುಂದುವರಿಯಿರಿ. ಬ್ಯೂಟಿ ಪಾರ್ಲರಿನಲ್ಲಿ ಬೇಡವೇ ಬೇಡ, ಎಂಡಿ ಮಾಡಿದ ಚರ್ಮದ ಡಾಕ್ಟ್ರ ಹತ್ತಿರವೇ ಹೋಗಿ.

ಮತ್ತೆ ಕತ್ತರಿಸುವುದು

ಅಗಲವಾದ ಕಲೆಯನ್ನು ಕತ್ತರಿಸಿ ತೆಗೆದು, ಒಳಪದರಗಳನ್ನು ಮೊದಲು ಹೊಲಿದು, ಮೇಲಿನ ಚರ್ಮದ ಮೇಲೆ ಎಳೆತ ಬೀಳದ ಹಾಗೆ ಸೇರಿಸುತ್ತಾರೆ. ಒಂದು ವರ್ಷ ಆಗದೆ ಇದಕ್ಕೆ ಇಳಿಯಬೇಡಿ. ಮೊದಲು ಯಾಕೆ ಅಗಲ ಆಯಿತು ಅಂತಲೂ ಕೇಳಿ. ಸೋಂಕಿನಿಂದ ಆಗಿದ್ದರೆ ಎರಡನೇ ಸಲ ಚೆನ್ನಾಗಿ ಬರುವ ಸಾಧ್ಯತೆ ಉಂಟು, ಎಳೆತದಿಂದ ಆಗಿದ್ದು ಆ ಎಳೆತ ಈಗಲೂ ಇದ್ದರೆ ಮತ್ತೆ ಹಿಗ್ಗುತ್ತದೆ. ಕೆಲಾಯ್ಡನ್ನು ಬರೇ ಕತ್ತರಿಸಿ ತೆಗೆದರೆ ಅರ್ಧಕ್ಕರ್ಧ ಜನರಿಗೆ ಅಥವಾ ಅದಕ್ಕಿಂತಲೂ ಹೆಚ್ಚಿನವರಿಗೆ ಮತ್ತೆ ಬೆಳೆಯುತ್ತದೆ, ಕೆಲವರಿಗೆ ಮೊದಲಿಗಿಂತ ದೊಡ್ಡದಾಗಿ. ಕತ್ತರಿಸಿದ ಮೇಲೆ ಇಂಜೆಕ್ಷನ್ ಅಥವಾ ರೇಡಿಯೇಷನ್ ಏನು ಕೊಡುತ್ತೀರಿ ಅಂತ ಕೇಳಿ, ಉತ್ತರ ಇಲ್ಲದಿದ್ದರೆ ಎದ್ದು ಬನ್ನಿ. ಎದೆಯ ಮೇಲೆ ರೇಡಿಯೇಷನ್ ಅಂದಾಗ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ನಿಜಕ್ಕೂ ಬೇಕಾ ಅಂತ ಎರಡು ಸಲ ಯೋಚಿಸಬೇಕು.

ಡಾಗ್ ಇಯರ್ ಚಿಕ್ಕದಿದ್ದರೆ ಆರು ತಿಂಗಳು, ವರ್ಷದಲ್ಲಿ ತಾನೇ ಕೂರುತ್ತದೆ. ಕೂರದಿದ್ದರೆ ಆ ಜಾಗ ಮಾತ್ರ ಮರಗಟ್ಟಿಸಿ ತೆಗೆಯುತ್ತಾರೆ, ಅದೇ ದಿನ ಮನೆಗೆ ಬರಬಹುದು. ಒಳಗೆ ಕೊಬ್ಬೇ ಜಾಸ್ತಿ ಇದ್ದರೆ ಲೈಪೋಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು, ಸಾಕಾಗುತ್ತದೆ. ಆದರೆ ಕತ್ತರಿಸಿದರೆ ಉಬ್ಬು ಹೋಗುತ್ತದೆ, ಕಲೆ ಉದ್ದ ಆಗುತ್ತದೆ. ಎರಡೂ ಬೇಡ ಅಂದರೆ ಆಗುವುದಿಲ್ಲ.

ಹಳ್ಳಕ್ಕೆ ಬೇರೆ ದಾರಿ. ಅಂಟಿಕೊಂಡ ಕಲೆಯನ್ನು ಮೊದಲು ಸೂಜಿಯಿಂದ ಒಳಗಿಂದಲೇ ಬಿಡಿಸಿ, ಹೊಟ್ಟೆ ಅಥವಾ ತೊಡೆಯಿಂದ ತೆಗೆದ ಕೊಬ್ಬನ್ನು ಹನಿ ಹನಿಯಾಗಿ ತುಂಬಿಸುತ್ತಾರೆ. ಹನಿ ಹನಿಯಾಗಿಯೇ ಯಾಕೆಂದರೆ ಸುತ್ತಲಿನಿಂದ ರಕ್ತ ಸಿಕ್ಕಿದ ಕೊಬ್ಬು ಮಾತ್ರ ಬದುಕುತ್ತದೆ. ಒಂದೇ ಕಡೆ ರಾಶಿ ಹಾಕಿದರೆ ನಡುವಿನದ್ದು ಸಾಯುತ್ತದೆ. ಹಾಕಿದ್ದರಲ್ಲಿ ಒಳ್ಳೆಯ ಪಾಲು ಮೈಯೇ ಹೀರಿಕೊಳ್ಳುವುದರಿಂದ ಮೊದಲ ವಾರದ ತುಂಬಿದ ಎದೆ ನೋಡಿ ಖುಷಿ ಪಡಬೇಡಿ, ಮೂರು ತಿಂಗಳಾದ ಮೇಲೆ ಉಳಿದದ್ದೇ ನಿಜ. ಎರಡನೇ ಸಲ ಬೇಕಾಗಬಹುದು ಅಂತ ಮೊದಲೇ ಲೆಕ್ಕ ಹಾಕಿ. ಆ ಜಾಗಕ್ಕೆ ಬಿಗಿ ಬಟ್ಟೆ ಬೇಡ, ಬೋರಲು ಮಲಗಬೇಡಿ. ಮುಂದೆ ಯಾವಾಗ ಮ್ಯಾಮೊಗ್ರಾಂ ಮಾಡಿಸಿದರೂ ಕೊಬ್ಬು ಹಾಕಿಸಿದ್ದೇನೆ ಅಂತ ಹೇಳಿ, ಯಾಕೆಂದರೆ ಅದು ಸುಣ್ಣದ ಚುಕ್ಕೆಗಳ ಹಾಗೆ ಕಂಡು ಸುಮ್ನೆ ಗಾಬರಿ ಹುಟ್ಟಿಸುತ್ತದೆ.

ನಮ್ಮ ಕಡೆ ಈ ಹಳ್ಳದ ಸಮಸ್ಯೆ ಇಟ್ಟುಕೊಂಡು ಬಾಯಿ ಬಿಡದವರು ಹುಡುಗರು. ಗೈನಿಕೊಮಾಸ್ಟಿಯಾ, ಅಂದರೆ ಗಂಡಸರ ಎದೆ ಹೆಣ್ಣಿನ ಹಾಗೆ ಬೆಳೆಯುವುದು, ಅಂತ ಎದೆಯ ಗ್ರಂಥಿ ತೆಗೆಸಿಕೊಂಡು, ಮೊಲೆತೊಟ್ಟಿನಡಿ ಎಲ್ಲವನ್ನೂ ಕೆರೆದುಬಿಟ್ಟದ್ದರಿಂದ ತಟ್ಟೆಯ ಹಾಗೆ ಒಳಗೆ ಬಿದ್ದಿರುತ್ತದೆ. ಅಂಗಿ ಬಿಚ್ಚಿ ಮಲ್ಪೆ ಸಮುದ್ರಕ್ಕೆ ಇಳಿಯಲು ನಾಚಿಕೆ ಅಂತ ಸುಮ್ಮನಿರುತ್ತಾರೆ. ಇದಕ್ಕೂ ಅದೇ ಕೊಬ್ಬು ತುಂಬಿಸುವ ಕ್ರಮ, ಅದೇ ಆರು ತಿಂಗಳು ಕಾಯುವುದು.

ಇಂಪ್ಲಾಂಟ್ ಇದ್ದವರಿಗೆ

ಎದೆ ದಿನೇ ದಿನೇ ಗಟ್ಟಿಯಾಗಿ, ದುಂಡಗೆ ಮೇಲೆದ್ದು, ನೋವೂ ಇದ್ದರೆ ಇಂಪ್ಲಾಂಟ್ ಸುತ್ತ ಮೈ ಕಟ್ಟಿದ ಕವಚ ಬಿಗಿಯುತ್ತಿದೆ. ಇದನ್ನು ಬೇಕರ್ ಗ್ರೇಡ್ ಅಂತ ಒಂದರಿಂದ ನಾಲ್ಕರವರೆಗೆ ಅಳೆಯುತ್ತಾರೆ. ಮೂರು, ನಾಲ್ಕಕ್ಕೆ ಆಪರೇಷನ್ನೇ ದಾರಿ, ಕವಚ ಬಿಡಿಸುವುದು ಅಥವಾ ಪೂರ್ತಿ ತೆಗೆದು ಇಂಪ್ಲಾಂಟ್ ಬದಲಿಸುವುದು. ಇಂಪ್ಲಾಂಟ್ ಜಾರಿ ಕೆಳಗೆ ಬಂದು ಮೊಲೆತೊಟ್ಟು ಆಕಾಶ ನೋಡುತ್ತಿದ್ದರೆ ಒಳಗಿನ ಚೀಲವನ್ನು ಹೊಲಿದು ಚಿಕ್ಕದು ಮಾಡಬೇಕು. ಸುಕ್ಕು ಕಂಡರೆ ಸ್ನಾಯುವಿನಡಿಗೆ ಸರಿಸುವುದು ಅಥವಾ ಮೇಲೆ ಕೊಬ್ಬು ಹಾಕುವುದು. ಇವು ಯಾವುದೂ ಮಸಾಜಿನಿಂದ ಸರಿ ಹೋಗುವುದಿಲ್ಲ.

ಇನ್ನೊಂದು. 2019ರ ಜುಲೈಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೇಳಿದ ಮೇಲೆ ಅಲರ್ಗನ್ ಕಂಪನಿ ತನ್ನ ಬಯೋಸೆಲ್ ಎಂಬ ಒರಟು ಮೈಯ ಇಂಪ್ಲಾಂಟ್‌ಗಳನ್ನು ಇಡೀ ಜಗತ್ತಿನ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಇಂಪ್ಲಾಂಟ್ ಸುತ್ತ ಬರುವ ಬಿಐಎ-ಎಎಲ್‌ಸಿಎಲ್ ಎಂಬ ಅಪರೂಪದ ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್, ಅದಕ್ಕೆ ಕಾರಣ. ತೊಂದರೆ ಇಲ್ಲದವರು ತೆಗೆಸಬೇಕಾಗಿಲ್ಲ ಅಂತಲೇ ಎಫ್‌ಡಿಎ ಹೇಳಿದ್ದು. ಆದರೆ ವರ್ಷಗಳ ನಂತರ ಒಂದು ಕಡೆ ನೀರು ತುಂಬಿ ಊದಿದರೆ ಅದು ಆಕಾರದ ಸಮಸ್ಯೆ ಅಲ್ಲ, ಆ ನೀರನ್ನು ಪರೀಕ್ಷೆಗೆ ಕಳಿಸಲೇಬೇಕು. ಇಂಪ್ಲಾಂಟಿನ ಕಾರ್ಡ್ ಎಲ್ಲಿದೆ ಅಂತ ಇವತ್ತೇ ಹುಡುಕಿ ಇಡಿ.

ಯಾರ ಹತ್ತಿರ, ಯಾವ ಕಾಗದ ಹಿಡಿದು

ಎಂ.ಎಸ್. ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಮಾಡಿದವರೇ ಬೇಕು. ಬೋರ್ಡಿನಲ್ಲಿ ಕಾಸ್ಮೆಟಿಕ್ ಅಂತ ಬರೆದಿದ್ದರೆ ಸಾಲದು. ಇದಕ್ಕಾಗಿ ಬೆಂಗಳೂರಿಗೆ ಓಡಬೇಕಾಗಿಲ್ಲ, ಮಣಿಪಾಲ, ಮಂಗಳೂರು, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಿ. ಮೊದಲು ಆಪರೇಷನ್ ಮಾಡಿದವರ ಬಳಿಯೇ ಒಮ್ಮೆ ಹೋಗಿ, ಒಳಗೆ ಏನು ಮಾಡಿದ್ದಾರೆ ಅಂತ ಗೊತ್ತಿರುವುದು ಅವರಿಗೆ. ಬೇರೆಯವರಲ್ಲಿ ಕೇಳಬೇಕೆಂದರೆ ಆಪರೇಷನ್ ನೋಟ್ಸ್ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ನನಗೆ ಮೊದಲು ಬರೇ ಡಿಸ್ಚಾರ್ಜ್ ಚೀಟಿ ಕೊಟ್ಟು ಸಾಗಹಾಕಲು ನೋಡಿದರು. ನಿಯಮದ ಹೆಸರೆತ್ತಿ ಅರ್ಜಿ ಬರೆದ ಮೇಲೆ ಎರಡನೇ ದಿನ ಜೆರಾಕ್ಸ್ ಸಿಕ್ಕಿತು.

ಖರ್ಚಿನ ವಿಷಯ, ಅಂದಕ್ಕಾಗಿ ಮಾಡಿಸಿದ್ದಕ್ಕೆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ, ಮೇಲಿಂದ ಶೇಕಡ 18 ಜಿಎಸ್‌ಟಿ. ಹೇಳುವ ದರದಲ್ಲಿ ಅದು ಸೇರಿದೆಯಾ, ಎರಡನೇ ಸಲ ಮಾಡಬೇಕಾದರೆ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ತೂಕ ಏರಿಳಿಯುತ್ತಿದ್ದರೆ, ಮಗು ಹಾಲು ಕುಡಿಯುತ್ತಿದ್ದರೆ ಆಕಾರದ ರಿಪೇರಿ ಈಗ ಬೇಡ. ಹಾಲು ಬಿಡಿಸಿ ಮೂರರಿಂದ ಆರು ತಿಂಗಳು ಹೋಗಲಿ. ರಕ್ತ ತೆಳು ಮಾಡುವ ಮಾತ್ರೆ, ನೋವಿನ ಮಾತ್ರೆ, ಕಷಾಯ, ಲೇಹ್ಯ ಏನೇ ತೆಗೆದುಕೊಳ್ಳುತ್ತಿದ್ದರೂ ಹೇಳಿ. ದಿನ ಆರಿಸುವ ಅವಕಾಶ ಇದ್ದರೆ ನಾನಾದರೆ ಡಿಸೆಂಬರ್ ಎನ್ನುತ್ತೇನೆ. ಬೆವರು ಕಡಿಮೆ, ಬಟ್ಟೆ ಒಣಗುತ್ತದೆ.

ನನ್ನ ಉಬ್ಬು ವರ್ಷ ಕಳೆದರೂ ಕೂರಲಿಲ್ಲ. ಹದಿನಾಲ್ಕನೇ ತಿಂಗಳಲ್ಲಿ ತೆಗೆಸಿದೆ, ಮುಕ್ಕಾಲು ಗಂಟೆಯ ಕೆಲಸ, ಮಧ್ಯಾಹ್ನ ಊಟಕ್ಕೆ ಮನೆಯಲ್ಲಿದ್ದೆ. ಕಲೆ ಎರಡು ಸೆಂಟಿಮೀಟರ್ ಕಂಕುಳ ಕಡೆಗೆ ಉದ್ದವಾಗಿದೆ. ಈಗ ಮತ್ತೆ ಅದಕ್ಕೆ ಪೇಪರ್ ಟೇಪ್ ಹಚ್ಚಿಕೊಂಡು ಕೂತಿದ್ದೇನೆ, ಇವತ್ತಿಗೆ ಐದನೇ ವಾರ.